ನೀರು ಸೋರದ ಟೋಪಿ

ಉಣ್ಣೆಯ ವಿಷಯದಲ್ಲಿ ತೆಯೊಫಿಲೊ ಹೇಳಿದ ಮೇಲೆ ದೊಡ್ಡ ಕೆರೆಯ ನಡುವಿನ ಆ ದ್ವೀಪದಲ್ಲಿ ಎರಡನೆಯ ಮಾತಿರಲಿಲ್ಲ. ಆಚೆ ದಡದ ಪುನೋ ಪೇಟೆಗೆ ಹೋದ ದೋಣಿ ಮರಳಿ ಬಂದು ದಡಕ್ಕೆ ತಾಗಿತೆಂದರೆ ಸಾಕು, ಜನ ಮನೆಗೂ ಹೋಗದೆ, ನೂಲಿನ ಲಡಿಗಳನ್ನು ಬೆನ್ನಿಗೆ ಕಟ್ಟಿಕೊಂಡು, ಕಲ್ಲುಮೆಟ್ಟಿಲು ಹತ್ತಿ, ಏದುಸಿರು ಬಿಡುತ್ತ ನೇರ ಅವನ ಅಂಗಳಕ್ಕೆ ಬರುತ್ತಿದ್ದರು. ಅವನು ಲಡಿಯನ್ನು ಮೊದಲು ಕೆನ್ನೆಗೆ ಉಜ್ಜುವನು, ಆಮೇಲೆ ಮೇಲ್ತುಟಿಗೆ. ಕಣ್ಣು ಮುಚ್ಚಿ ಮೂಸುವನು. ಒಂದೆಳೆ ಹಿರಿದು, ಹುರಿ ಬಿಚ್ಚಿ, ಮತ್ತೆ ಹೊಸೆದು, ಕಿವಿಯ ಹತ್ತಿರ ಹಿಡಿದು ಪಟ್ಟನೆ ಎಳೆಯುವನು. ಅಷ್ಟಾದ ಮೇಲೆ ತೀರ್ಪು.

"ದಮಿಯಾನಕ್ಕ, ಇದು ಅಲ್ಪಾಕ ಉಣ್ಣೆ ಅಂತ ಯಾರು ಹೇಳಿದ್ದು ನಿಂಗೆ?"

"ಮಾರಿದೋಳೇ ಹೇಳಿದ್ಲು ಕಣಪ್ಪ. ಚಳಿ ಶುರುವಾಯ್ತಲ್ಲ, ನಮ್ಮನೆಯವ್ರು ಸ್ವೆಟರ್ ಹೆಣ್ಕೋತೀನಿ ಅಂತ ತರಿಸಿದ್ರು."

"ಅಲ್ಪಾಕ ಇದರ ಪಕ್ಕದಲ್ಲಿ ನಿಂತಿತ್ತೇನೋ, ಅಷ್ಟೇ. ಇದು ಕುರಿ. ಅದೂ ಮುದಿ ಕುರಿ. ಸ್ವೆಟರ್ ಹೆಣೆದ್ರೆ ಕತ್ತೆಲ್ಲ ಕೆರ್ಕೊಂಡು ನಿನ್ನ ಮೇಲೆ ಕೂಗಾಡ್ತಾನೆ ಆಯಪ್ಪ. ಕಾಲುಚೀಲ ಹೆಣೀಲಿ. ಕಾಲಿಗೆ ಬಾಯಿಲ್ಲ."

"ಹಂಗಾದ್ರೆ ಸ್ವೆಟರ್‌ಗೆ?"

"ಹೋದ ವರ್ಷದ ಬೂದು ನೂಲು ಮಿಕ್ಕಿದ್ಯಲ್ಲ, ಅದನ್ನೇ ಎರಡೆಳೆ ಸೇರಿಸಿ ಹೆಣೀಲಿ. ಚಿತ್ತಾರ ಯಾವುದಂತೆ?"

"ಎದೆ ಮೇಲೆ ನಕ್ಷತ್ರ ಹಾಕ್ತಾರಂತೆ."

"ಬೇಡ ಅನ್ನು. ಅವನ ಹೊಟ್ಟೆ ಮೇಲೆ ನಕ್ಷತ್ರ ಎಲ್ಲ ಕುಂಬಳಕಾಯಿ ಆಗ್ತವೆ. ಉದ್ದುದ್ದ ಏಣಿ ಗೆರೆ ಹಾಕ್ಲಿ, ಒಂಚೂರು ತೆಳ್ಳಗೆ ಕಾಣ್ತಾನೆ."

ದಮಿಯಾನ ದ್ವೀಪದ ಮರ್ಯಾದೆಯಂತೆ ಅವನ ಚೀಲಕ್ಕೆ ಜಗಿಯುವ ಕೋಕಾ ಎಲೆ ಒಂದು ಚಿಟಿಕೆ ಹಾಕಿ, ಅವನ ಚೀಲದಿಂದ ಒಂದು ಚಿಟಿಕೆ ಪಡೆದು, ಮುದಿ ಕುರಿಯನ್ನು ಹೊತ್ತುಕೊಂಡು ಮೆಟ್ಟಿಲಿಳಿದಳು. ಸ್ವೆಟರ್, ಮಫ್ಲರ್, ಕೈಗವಸು, ಕೂಸಿನ ಕುಲಾವಿ ಯಾವುದೇ ಇರಲಿ, ಯಾರಿಗೆ ಯಾವ ನೂಲು, ಯಾವ ಚಿತ್ತಾರ ಎಂದು ಹೇಳಲು ತೆಯೊಫಿಲೊಗೆ ಒಂದು ಎಲೆ ಜಗಿಯುವಷ್ಟು ಹೊತ್ತೂ ಬೇಕಾಗಿರಲಿಲ್ಲ.

ಈ ದ್ವೀಪದಲ್ಲಿ ನೂಲುವುದು, ನೇಯುವುದು ಹೆಂಗಸರ ಪಾಲು. ಕಡ್ಡಿ ಹಿಡಿದು ಹೆಣೆಯುವುದು ಗಂಡಸರ ಪಾಲು. ಹೊಲಕ್ಕೆ ನಡೆಯುವಾಗಲೂ, ಕುರಿ ಮೇಯಿಸುವಾಗಲೂ, ಊರ ಸಭೆಯಲ್ಲಿ ಗಡಿ ಕಲ್ಲಿನ ಜಗಳವಾಡುವಾಗಲೂ ಗಂಡಸಿನ ಕೈಯಲ್ಲಿ ಹೆಣಿಗೆ ಇರಲೇಬೇಕು. ಅವನ ಜಾತಕವೆಲ್ಲ ತಲೆಯ ಮೇಲೆಯೇ ಇರುತ್ತದೆ: ಟೋಪಿಯ ತುದಿ ಬಿಳಿಯಾಗಿದ್ದರೆ ಮದುವೆಯಾಗಿಲ್ಲ, ಪೂರ್ತಿ ಕೆಂಪಾಗಿದ್ದರೆ ಆಗಿದೆ. ಆ ಕೆಂಪು ಟೋಪಿಯನ್ನು ಗಂಡು ತಾನೇ ಹೆಣೆದು ಹೆಣ್ಣಿನ ಮನೆಗೆ ಒಯ್ಯಬೇಕು. ಅಂಗಳದಲ್ಲಿ ಅದನ್ನು ಬಟ್ಟಲಿನ ಹಾಗೆ ಮೇಲ್ಮುಖವಾಗಿ ಹಿಡಿದು ಒಳಗೆ ನೀರು ಸುರಿಯುತ್ತಾರೆ. ನೀರು ನಿಂತರೆ ಹೆಣ್ಣು ಕೊಟ್ಟಂತೆ. ಸೋರಿದರೆ ಮುಂದಿನ ವರ್ಷ ನೋಡೋಣ ಎಂದಂತೆ. ನೀರು ಸುರಿಯುವ ತನಕ ಗಂಡು ತನ್ನ ಹೆಣ್ಣು ಯಾರೆಂದು ಹೊರಗೆ ಹೇಳುವಂತಿಲ್ಲ, ಹೊರಗಿನವರು ಕೇಳುವಂತೆಯೂ ಇಲ್ಲ. ಹೆಸರು ಬಾಯಿಗೆ ಬಂದರೆ ಹೆಣಿಗೆ ಸಡಿಲವಾಗುತ್ತದೆಯಂತೆ.

ನೀರು ಸುರಿದು ತೀರ್ಪು ಹೇಳುವ ಕೆಲಸವೂ ಬಹುಕಾಲದಿಂದ ತೆಯೊಫಿಲೊನದೇ ಆಗಿತ್ತು. ದಯೆ ದಾಕ್ಷಿಣ್ಯ ಎಂಬುದನ್ನು ಅವನು ಆ ಅಂಗಳಗಳಿಗೆ ಒಯ್ಯುತ್ತಿರಲಿಲ್ಲ. ಒಮ್ಮೆ ಒಬ್ಬ ಗಂಡಿನ ತಾಯಿ, ಅಡುಗೆಯೆಲ್ಲ ಆಗಿದೆ, ಒಂದೇ ಒಂದು ಹನಿ, ಕಂಡೂ ಕಾಣದ ಹಾಗೆ ಇರಪ್ಪ ಎಂದು ಕಾಲು ಹಿಡಿಯಲು ಬಂದಿದ್ದಳು. "ಹನಿ ಅಂದ್ರೂ ಸೋರಿದ ಹಾಗೇ ಕಣಮ್ಮ" ಎಂದು ಟೋಪಿ ಹಿಂಡಿ ಕೈಗೆ ಕೊಟ್ಟು, ಆ ಮನೆಯ ಊಟವನ್ನೂ ಮಾಡದೆ ಎದ್ದು ಬಂದಿದ್ದ.

ಹೀಗೆ ಊರ ಗಂಡುಗಳ ಮದುವೆಗಳನ್ನೆಲ್ಲ ಮಾಡಿಸಿದ, ಕೆಲವನ್ನು ಕೆಡಿಸಿದ ಈ ಮಹಾನುಭಾವನ ತಲೆಯ ಮೇಲಿದ್ದದ್ದು ಮಾತ್ರ ಇನ್ನೂ ಬಿಳಿ ತುದಿಯ ಟೋಪಿ. ಅದರ ಕೆಳಗಿನ ಕೂದಲೂ ಅದೇ ಬಣ್ಣಕ್ಕೆ ತಿರುಗುವ ಹೊತ್ತು ಬಂದಿತ್ತು.

ಹೆಣ್ಣಿಲ್ಲದೆ ಅಲ್ಲ. ಇಲಾರಿಯೊ ಎಂಬ ಮುದುಕನ ಮಗಳು ಸಬೀನಾ ಅವನಿಗೇ ಎಂದು, ಅವನು ಬಾಯಿ ಬಿಡದಿದ್ದರೂ, ಊರಿಗೆಲ್ಲ ಗೊತ್ತಿತ್ತು. ಮದುವಣಿಗನಿಗಾಗಿ ಹೆಣ್ಣು ತನ್ನ ಕೂದಲನ್ನು ಕತ್ತರಿಸಿ ಎಳೆಗಳ ನಡುವೆ ಸೇರಿಸಿ ನೇಯುವ ಅಗಲದ ನಡುಪಟ್ಟಿಯನ್ನು ಅವಳು ಎಂದೋ ನೇಯ್ದು ಮುಗಿಸಿದ್ದಳು. ಕತ್ತರಿಸಿದ ಕೂದಲು ಮತ್ತೆ ಸೊಂಟದವರೆಗೆ ಬೆಳೆದಿತ್ತು. ತೆಯೊಫಿಲೊನ ಟೋಪಿ ಮುಗಿದಿರಲಿಲ್ಲ. ಒಂದು ವರ್ಷ ಕೆಂಪು ಸರಿಬರಲಿಲ್ಲ, ಸ್ವಲ್ಪ ಇಟ್ಟಿಗೆಯ ಬಣ್ಣ ಹೊಡೆಯಿತು, ಬಿಚ್ಚಿದ. ಇನ್ನೊಂದು ವರ್ಷ ಕೆಂಪು ಕೂಡಿಬಂತು, ಹುರಿ ಕೈಕೊಟ್ಟಿತು, ಬಿಚ್ಚಿದ. ಮತ್ತೊಂದು ವರ್ಷ ಎರಡೂ ಸರಿಯಿದ್ದವು, ಹೆಣೆಯಲು ಎಲ್ಲಕ್ಕಿಂತ ಕಷ್ಟವಾದ ಗುಲಾಬಿ ಚಿತ್ತಾರದಲ್ಲಿ ಒಂದು ದಳ ಅವನ ಕಣ್ಣಿಗೆ ಓರೆಯಾಗಿ ಕಂಡಿತು. ಬೇರೆ ಯಾರ ಕಣ್ಣಿಗೂ ಕಾಣಲಿಲ್ಲ. ಆದರೂ ಬಿಚ್ಚಿದ. ಒಮ್ಮೆ ಸಬೀನಾಳೇ ಒಂದಿಡೀ ಮಳೆಗಾಲ ಕೂತು ನೂಲು ತೆಗೆದು, ಕಳ್ಳಿಯ ಹುಳ ಅರೆದು ಕೆಂಪು ಬಣ್ಣ ಕಟ್ಟಿ, ತಂದು ಅವನ ಮಡಿಲಲ್ಲಿಟ್ಟಳು. ಅವನು ಎಂದಿನಂತೆ ಕೆನ್ನೆಗೆ ಉಜ್ಜಿ, ತುಟಿಗೆ ಉಜ್ಜಿ, ಎಳೆ ಹಿರಿದು ನೋಡಿ, "ಹುರಿ ಸಮ ಇಲ್ಲ ಸಬೀ. ಕೈಗವಸಿಗೆ ಆಗಬಹುದು" ಎಂದ. ಅವಳು ಲಡಿಯನ್ನು ಎತ್ತಿಕೊಂಡು ಹೋದಳು. ಸತ್ಯ ಹೇಳಿದ ಸಮಾಧಾನದಲ್ಲಿ ಅವನು ಆ ರಾತ್ರಿ ಸೊಗಸಾಗಿ ನಿದ್ದೆ ಮಾಡಿದ.

ಅವನಿಗೆ ಅವಳ ಮೇಲೆ ಪ್ರೀತಿಯಿರಲಿಲ್ಲವೆಂದು ಹೇಳಿದರೆ ತಪ್ಪಾದೀತು. ಪ್ರೀತಿ ಬೇಕಾದಷ್ಟಿತ್ತು. ಅವಳ ಕಣ್ಣೆದುರು ಹಿಡಿಯುವ ಟೋಪಿಯಲ್ಲಿ ಎಳ್ಳಷ್ಟೂ ಕುಂದಿರಬಾರದು ಎಂಬುದೇ ಆ ಪ್ರೀತಿ. ಅವಳು ಬಂದು ಪಕ್ಕದಲ್ಲಿ ಕೂತು ಪೇಟೆಯ ಸುದ್ದಿ, ಕೆರೆಯ ಸುದ್ದಿ, ಮನಸ್ಸಿನ ಸುದ್ದಿ ಹೇಳುತ್ತಿದ್ದರೆ ಅವನು ಹೂಂಗುಡುತ್ತ ಕುಣಿಕೆ ಎಣಿಸುತ್ತಿದ್ದ.

ಇಲಾರಿಯೊನಿಗೂ ಸಾಕಾಗಿತ್ತು. "ಮಗಳನ್ನ ಕೊಡದೇನೇ ಊರೆಲ್ಲ ನನ್ನನ್ನ ನಿನ್ನ ಮಾವ ಅಂತ ಕರೀತಿದೆ. ತೆಯೊ, ಈ ಮೇ ತಿಂಗಳ ಮದುವೆ ಸಾಲಿಗೆ ಟೋಪಿ ತಂದ್ರೆ ತಂದೆ. ಇಲ್ದಿದ್ರೆ ಬೇರೆಯವರು ತರ್ತಾರೆ" ಎಂದ.

"ಮಾವ, ಅವಸರದ ಹೆಣಿಗೆ ತರೋನು ನಾನಲ್ಲ. ನಿಮ್ಮ ಮನೆ ಮರ್ಯಾದೆ ಪ್ರಶ್ನೆ."

"ನಮ್ಮ ಮನೆ ಮರ್ಯಾದೆಗೆ ಮೊಣಕಾಲು ನೋವು ಶುರುವಾಗಿದೆ ಕಣಯ್ಯ, ಕಾದೂ ಕಾದೂ."

ಮುದುಕ ಇಂಥ ಮಾತನ್ನು ಹಿಂದಿನ ಮೇ ತಿಂಗಳುಗಳಲ್ಲೂ ಆಡಿದ್ದ. ಹಾಗಾಗಿ ತೆಯೊಫಿಲೊ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಅದೇ ವಾರ ಪಸ್ಕುವಾಲ್ ಬಂದ. ಪುನೋಗೂ ದ್ವೀಪಕ್ಕೂ ದೋಣಿ ನಡೆಸುವವನು. ಹಗ್ಗ ಎಳೆದೆಳೆದು ಅವನ ಬೆರಳುಗಳು ಗೆಣಸಿನಂತಾಗಿದ್ದವು. ಅವನು ತಲೆಗೆ ಹಾಕಿಕೊಂಡಿದ್ದ ಬಿಳಿ ತುದಿಯ ಟೋಪಿ ಅವನೇ ಹೆಣೆದದ್ದು. ಅದನ್ನು ನೋಡಿದಾಗಲೆಲ್ಲ ತೆಯೊಫಿಲೊ ಮುಖ ಆಚೆಗೆ ತಿರುಗಿಸುತ್ತಿದ್ದ. ಇಬ್ಬರೂ ಎಲೆ ಬದಲಾಯಿಸಿಕೊಂಡರು. ಪಸ್ಕುವಾಲ್ ಬಹಳ ಹೊತ್ತು ಜಗಿದ.

"ತೆಯಣ್ಣ, ಒಂದು ಕೆಂಪು ಟೋಪಿ ಹೆಣೀಬೇಕು. ನೂಲು, ಚಿತ್ತಾರ ಆರಿಸ್ಕೊಡು."

"ನೀನು? ಕೆಂಪು ಟೋಪಿ?" ತೆಯೊಫಿಲೊ ಗಹಗಹಿಸಿ ನಕ್ಕ. "ಯಾರೋ ಆ ಪುಣ್ಯಾತಗಿತ್ತಿ? ಅಯ್ಯೋ ಬೇಡ, ಹೇಳ್ಬೇಡ."

"ಹೇಳಿಬಿಡ್ತೀನಿ ಅಣ್ಣ. ನಿಂಗೆ ಹೇಳ್ದೆ ಇದ್ರೆ ನಂಗೆ ಅನ್ನ ಇಳಿಯಲ್ಲ."

"ಬಾಯ್ಮುಚ್ಚೋ! ಪದ್ಧತಿ ಅಂದ್ರೆ ಪದ್ಧತಿ. ನಿನ್ನ ಹೆಣಿಗೆ ಮೊದಲೇ ಸಡಿಲ, ಹೆಸರು ಬೇರೆ ಹೇಳಿ ಪೂರ್ತಿ ಉದುರಿಸ್ಬೇಡ."

"ಆಮೇಲೆ ನನ್ನ ಬಯ್ಯಬಾರ್ದು."

"ನಾನ್ಯಾಕೋ ಬಯ್ಲಿ? ನಿನ್ನ ಕಟ್ಕೊಂಡೋಳು ಬಯ್ಯಲಿ."

ಅವಳು ಯಾರಿರಬಹುದೆಂದು ತೆಯೊಫಿಲೊ ಮನಸ್ಸಿನಲ್ಲೇ ಹುಡುಕಿದ. ಆಚೆ ಬದಿಯ ಕಿವುಡಿಯೇ ಇರಬೇಕು, ದೋಣಿಯಲ್ಲಿ ಇವನು ಹಾಡುವ ಹಾಡನ್ನು ಇನ್ಯಾರು ತಡೆದುಕೊಂಡಾರು ಎಂದು ತೀರ್ಮಾನಿಸಿ ಸಮಾಧಾನಗೊಂಡ. ದ್ವೀಪದಲ್ಲಿ ಉಳಿದ ಅಷ್ಟೂ ಜನಕ್ಕೆ ಅವಳು ಯಾರೆಂಬುದು ಗೊತ್ತಿತ್ತು. ವಾರವಾರವೂ ಪೇಟೆಗೆ ಹೋಗುವ ದೋಣಿಯಲ್ಲಿ ಚುಕ್ಕಾಣಿಯ ಪಕ್ಕದ ಹಲಗೆಯ ಮೇಲೆ ಯಾರು ಕೂರುತ್ತಾರೆಂದು ಎಲ್ಲರೂ ಕಣ್ಣಾರೆ ನೋಡಿದ್ದರು. ಆದರೆ ಪದ್ಧತಿಯೆಂದರೆ ಪದ್ಧತಿ. ಅವನಿಗೆ ಯಾರೂ ಹೇಳಲಿಲ್ಲ.

"ಹೆಸರು ಬೇಡ. ಅವಳಿಗೆ ಏನಿಷ್ಟ ಅದನ್ನ ಹೇಳು," ಎಂದ ತೆಯೊಫಿಲೊ, ಲಡಿಗಳ ಬುಟ್ಟಿಯನ್ನು ಮುಂದಕ್ಕೆಳೆದುಕೊಂಡು. "ಟೋಪಿ ಹಾಕೋನು ನೀನಾದ್ರೂ ಜೀವನವಿಡೀ ನೋಡೋಳು ಅವಳು. ಕೆಂಪು ಯಾವ ಥರದ್ದು ಇಷ್ಟ?"

ಪಸ್ಕುವಾಲ್ ಯೋಚಿಸಲೇ ಇಲ್ಲ. "ಕಪ್ಪಗಿನ ಕೆಂಪು. ಒಣಮೆಣಸಿನಕಾಯಿ ಥರ. ಹೊಳೆಯೋ ಕೆಂಪು ಕಂಡ್ರೆ ತಲೆನೋವು ಅಂತಾಳೆ."

"ಭೇಷ್. ಚಿತ್ತಾರ? ಗುಲಾಬಿ ಹಾಕೋಣ್ವಾ? ನಿನ್ನ ಕೈಲಾಗಲ್ಲ, ಆದ್ರೂ ಕೇಳ್ದೆ."

"ಗುಲಾಬಿ ಬೇಡ್ವೇ ಬೇಡ. ಗುಲಾಬಿ ಹೆಸರೆತ್ತಿದ್ರೆ ಸಾಕು, ಮುಖ ಸಿಂಡರಿಸ್ತಾಳೆ. ಅವಳಿಗೆ ನೀರುಕೋಳಿ ಇಷ್ಟ. ಜೊಂಡಿನ ಹತ್ರ ದೋಣಿ ಹೋಗುವಾಗ ಮುಳುಗ್ತವಲ್ಲ, ಎಲ್ಲಿ ಏಳ್ತವೆ ಅಂತ ನಾವು ಪಂದ್ಯ ಕಟ್ತೀವಿ. ಯಾವಾಗ್ಲೂ ಅವಳೇ ಗೆಲ್ಲೋದು."

"ಯಾಕೆ ಇಷ್ಟವಂತೆ?"

"ಕೇಳಿದ್ದೆ. ಮುಳುಗಿದ್ದು ಎಷ್ಟೇ ತಡ ಆದ್ರೂ ಎದ್ದೇ ಏಳುತ್ತೆ, ಅದಕ್ಕೆ ಅಂದ್ಲು."

ತೆಯೊಫಿಲೊ ತಲೆದೂಗಿದ. "ಒಳ್ಳೆ ರುಚಿ ಇರೋ ಹೆಣ್ಣು ಕಣೋ. ನಿಂಗೆ ಹೆಂಗೆ ಸಿಕ್ಕಿದ್ಲು?"

"ಇನ್ನೂ ಸಿಕ್ಕಿಲ್ಲ ಅಣ್ಣ," ಎಂದ ಪಸ್ಕುವಾಲ್, ನೆಲ ನೋಡುತ್ತ.

ತೆಯೊಫಿಲೊ ಬುಟ್ಟಿಯ ತಳದಿಂದ ಮರಿಕುರಿಯ ಮೊದಲ ಕತ್ತರಿಯ ಉಣ್ಣೆಯ ಲಡಿಯೊಂದನ್ನು ತೆಗೆದ. ತನಗಾಗಿಯೇ ಎತ್ತಿಟ್ಟು, ಸ್ವಲ್ಪ ಕಪ್ಪಾಯಿತೆಂದು ಬದಿಗೆ ಸರಿಸಿದ್ದ ನೂಲು ಅದು. ಪಸ್ಕುವಾಲ್ ಹೆಣಿಗೆಗೆಂದು ತುದಿ ಚೂಪು ಮಾಡಿಟ್ಟ ಸೈಕಲ್ ಕಡ್ಡಿಗಳನ್ನು ಹಿಡಿದು ಮೊದಲ ಕುಣಿಕೆಗಳನ್ನು ಹಾಕತೊಡಗಿದ. ನೋಡುತ್ತ ಕೂತ ತೆಯೊಫಿಲೊ ಕೈಚಾಚಿದ.

"ಕೊಡು ಇಲ್ಲಿ. ಒಳ್ಳೆ ನೂಲನ್ನ ಕೊಲೆ ಮಾಡ್ತಿದ್ದೀಯ. ಎರಡು ಸಾಲು ಹಾಕ್ಕೊಡ್ತೀನಿ, ಆಮೇಲೆ ನೀನು ಮುಂದುವರಿಸು."

"ನಾನೇ ಹೆಣೀಬೇಕಲ್ವಾ ಅಣ್ಣ? ಇಲ್ದಿದ್ರೆ ಸುಳ್ಳಾಗುತ್ತೆ."

"ಎರಡು ಸಾಲಿಗೆ ಯಾವ ಸುಳ್ಳೋ?"

ಎರಡು ಸಾಲು ಮುಗಿಯಿತು. ಬುಡ ಇಷ್ಟು ಚೆನ್ನಾಗಿ ಕೂತ ಮೇಲೆ ಕೋಳಿಯ ಮೊದಲ ಸಾಲನ್ನು ಈ ಗೆಣಸಿನ ಬೆರಳಿಗೆ ಕೊಡುವುದು ಹೇಗೆ ಎನ್ನಿಸಿತು. ಮೊದಲ ಸಾಲು ಮುಗಿದಾಗ ಎರಡನೆಯದು ಕೂಗಿ ಕರೆಯಿತು. ಪಸ್ಕುವಾಲ್ ದೋಣಿ ಕಟ್ಟಿ ಬಂದಾಗಲೆಲ್ಲ, "ನಾಳೆ ತಗೊಂಡ್ಹೋಗು, ಇನ್ನೆರಡೇ ಸಾಲು" ಎಂಬ ಮಾತು ಕೇಳಿ ವಾಪಸಾಗುತ್ತಿದ್ದ. ತೆಯೊಫಿಲೊನ ಕಡ್ಡಿ ಎಂದೂ ಹಾಗೆ ಓಡಿರಲಿಲ್ಲ. ಯಾರದೋ ಟೋಪಿ, ತಪ್ಪಾದರೆ ತನ್ನದೇನೂ ಹೋಗುವುದಿಲ್ಲ ಎಂಬ ನಿಶ್ಚಿಂತೆ ಬೆರಳಿಗೆ ಬಂದಿತ್ತು, ಹಾಗಾಗಿ ತಪ್ಪೂ ಆಗಲಿಲ್ಲ. ಸಾಲಾಗಿ ನೀರುಕೋಳಿಗಳು ಮುಳುಗಿದವು, ಎದ್ದವು. ಯಾರೋ ಕಾಣದ ಹೆಣ್ಣೊಬ್ಬಳು ಇದನ್ನು ನೋಡಿ ನಗುವುದನ್ನು ನೆನೆದು ಅವನೂ ಒಬ್ಬನೇ ನಕ್ಕ. ಆಲೂಗೆಡ್ಡೆ ಅಗೆದು ಮುಗಿಯುವುದರೊಳಗೆ ಟೋಪಿ ಮುಗಿದು ಪಸ್ಕುವಾಲ್‌ನ ಕೈ ಸೇರಿತ್ತು.

ಚಳಿ ಹಿಡಿಯುವ ಮೇ ತಿಂಗಳಲ್ಲಿ ಇಲಾರಿಯೊನಿಂದ ಕರೆ ಬಂತು: ಭಾನುವಾರ ಅಂಗಳಕ್ಕೆ ಬಾ. ಮುದುಕ ಮತ್ತೆ ಗದರುತ್ತಾನೆ, ಮತ್ತೊಂದು ವರ್ಷ ಕೊಡುತ್ತಾನೆ ಎಂದು ತೆಯೊಫಿಲೊ ಲೆಕ್ಕ ಹಾಕಿದ. ಅರ್ಧ ಹೆಣೆದ ತನ್ನ ಗುಲಾಬಿ ಟೋಪಿಯನ್ನು ಚೀಲದಲ್ಲಿಟ್ಟುಕೊಂಡು, ಈ ಸಲದ ನೂಲಿನಲ್ಲಿ ಕಂಡ ದೋಷವನ್ನು ಹೇಗೆ ವಿವರಿಸಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋದ.

ಅಂಗಳದಲ್ಲಿ ನಾಲ್ಕಾರು ಹಿರಿಯರು ಕೂತಿದ್ದರು. ಒಲೆಯ ಮೇಲೆ ಕಿನೋವಾ ಗಂಜಿ ಕುದಿಯುತ್ತಿತ್ತು. ಪಸ್ಕುವಾಲ್ ಕೂಡ ಇದ್ದ, ಹೊಸ ಬಿಳಿ ಅಂಗಿ ತೊಟ್ಟು. ಅವರಿವರನ್ನು ದೋಣಿಯಲ್ಲಿ ಕರೆತಂದಿರಬೇಕು ಎಂದುಕೊಂಡ ತೆಯೊಫಿಲೊ.

"ತೆಯೊ, ಮುಂದೆ ಬಾ," ಎಂದ ಇಲಾರಿಯೊ. "ಟೋಪಿ ತಂದೋರು ಟೋಪಿ ಕೊಡಿ."

"ಮಾವ, ಅದೇನಾಯ್ತು ಅಂದ್ರೆ, ಈ ಸಲದ ನೂಲು..." ಎಂದು ತೆಯೊಫಿಲೊ ಚೀಲಕ್ಕೆ ಕೈ ಹಾಕಿದ.

"ನಿನ್ನ ಕೇಳ್ಲಿಲ್ಲ ಕಣಯ್ಯ. ನೀನು ನೀರು ಸುರಿಯೋನು."

ಪಸ್ಕುವಾಲ್ ಎದ್ದು ಬಂದು ನೀರುಕೋಳಿಯ ಟೋಪಿಯನ್ನು ಅವನ ಕೈಯಲ್ಲಿಟ್ಟ. ಪದ್ಧತಿಯಂತೆ ನೀರಿನ ಕೊಡವನ್ನು ಮದುಮಗಳೇ ತರಬೇಕು. ಒಳಗಿನಿಂದ ಕೊಡ ಹೊತ್ತು ಬಂದವಳು ಸಬೀನಾ.

ಆಗ ತೆಯೊಫಿಲೊಗೆ ಎಲ್ಲ ಒಟ್ಟಿಗೇ ಅರ್ಥವಾಯಿತು. ಒಣಮೆಣಸಿನಕಾಯಿ ಕೆಂಪು ಅವಳಿಗೆ ಇಷ್ಟ. ಗುಲಾಬಿ ಕಂಡರೆ ಆಗುವುದಿಲ್ಲ. ಊರಿಗೆಲ್ಲ ಟೋಪಿ ಪರೀಕ್ಷೆ ಮಾಡುತ್ತಿದ್ದವನು ತನ್ನ ಕೈಯಾರೆ ತನಗೇ ಟೋಪಿ ಹಾಕಿಕೊಂಡಿದ್ದ. ಅಂಗಳದಲ್ಲಿ ಜನ ನೋಡುತ್ತಿದ್ದಾರೆಂಬ ನಾಚಿಕೆಗೆ, ಚೀಲದಲ್ಲಿದ್ದ ತನ್ನ ಅರ್ಧ ಟೋಪಿಯನ್ನು ಇನ್ನೂ ಒಳಕ್ಕೆ ತುರುಕಿದ.

ಮಾಡುವುದೇನು? ಕೊಡ ತೆಗೆದುಕೊಂಡು ನೀರು ಸುರಿದ. ಟೋಪಿ ಉಬ್ಬಿತು. ಜೀವಮಾನದಲ್ಲೇ ಮೊದಲ ಸಲ ತನ್ನ ಹೆಣಿಗೆ ಸೋರಲಿ ಎಂದು ತೆಯೊಫಿಲೊ ಮನಸ್ಸಿನಲ್ಲೇ ಹರಕೆ ಹೊತ್ತ. ತಳವನ್ನೇ ನೋಡುತ್ತ ನಿಂತ. ಒಂದು ಹನಿ, ಒಂದೇ ಒಂದು ಹನಿ ಸಾಕಿತ್ತು. ಹೊರಗಿನ ಎಳೆ ತೇವ ಕೂಡ ಆಗಲಿಲ್ಲ. ಅಷ್ಟು ಅಚ್ಚುಕಟ್ಟಾದ ಹೆಣಿಗೆಯನ್ನು ಆ ದ್ವೀಪ ಅದುವರೆಗೆ ಕಂಡಿರಲಿಲ್ಲ.

ಹಿರಿಯರು ಕೆಮ್ಮಿದರು. ಯಾರ ಕೈಯ ಹೆಣಿಗೆಯೆಂದು ಅಲ್ಲಿದ್ದವರಿಗೆಲ್ಲ ನೋಡಿದ ತಕ್ಷಣವೇ ತಿಳಿದಿತ್ತು. ಸಬೀನಾ ಹತ್ತಿರ ಬಂದು ಕೋಳಿಗಳ ಸಾಲಿನ ಮೇಲೆ ಬೆರಳಾಡಿಸಿದಳು.

"ಇದನ್ನ ಹೆಣೆದದ್ದು ನೀನು," ಎಂದಳು.

"ನಾನೇ ಹೇಳೋನಿದ್ದೆ ಸಬೀನಾ," ಎಂದ ಪಸ್ಕುವಾಲ್. "ಎರಡು ಸಾಲು ಅಂದ್ರು. ಆಮೇಲೆ ನನ್ನ ಕೈಗೆ ಕೊಡ್ಲೇ ಇಲ್ಲ."

ಅವಳು ಅವನ ಕಡೆ ತಿರುಗಲಿಲ್ಲ. "ತೆಯೊ, ಎಷ್ಟು ದಿನ ಹಿಡೀತು?"

ಹೆಣಿಗೆಯ ವಿಷಯ ಕೇಳಿದರೆ ತೆಯೊಫಿಲೊನ ನಾಲಿಗೆ ಅವನ ಮಾತನ್ನೇ ಕೇಳುತ್ತಿರಲಿಲ್ಲ. "ಒಂದು ತಿಂಗಳೂ ಆಗ್ಲಿಲ್ಲ! ನೂಲು ಅಷ್ಟು ಚೆನ್ನಾಗಿ ಕೂತ್ಕೊಳ್ತು," ಎಂದುಬಿಟ್ಟ. ಹೇಳಿದ ಮೇಲೆ ತುಟಿ ಕಚ್ಚಿಕೊಂಡ.

"ನಿನ್ನ ಕೈಲಿ ಆಗಲ್ಲ ಅಂದ್ಕೊಂಡಿದ್ದೆ," ಎಂದಳು ಸಬೀನಾ ಮೆಲ್ಲಗೆ. "ಇಷ್ಟು ವರ್ಷ ಹಂಗೇ ಸಮಾಧಾನ ಮಾಡ್ಕೊಂಡೆ. ಪಾಪ, ಅವನ ಕೈಲಿ ಮುಗಿಸೋಕೆ ಆಗಲ್ಲ, ಅದವನ ಕಾಯಿಲೆ ಅಂತ. ಈ ಕೋಳಿ ನಂಗಿಷ್ಟ ಅಂತ ಯಾರು ಹೇಳಿದ್ರು?"

"ನಾನೇ ಕೇಳ್ದೆ. ಪಸ್ಕುವಾಲ್‌ನ."

"ಅವನನ್ನ ಕೇಳ್ದೆ ನೀನು," ಎಂದಳು.

ಇಲಾರಿಯೊ ಕೋಲು ಕುಟ್ಟಿದ. "ಬೇರೆಯವರ ಕೈ ಹೆಣಿಗೆ ನಡೆಯಲ್ಲಪ್ಪ. ಗಂಡು ತಾನೇ ಹೆಣೆದದ್ದು ಬೇಕು. ಮುಂದಿನ ವರ್ಷ ನೋಡೋಣ."

ಮುಂದಿನ ವರ್ಷ ಎಂಬ ಮಾತು ಕಿವಿಗೆ ಬಿದ್ದದ್ದೇ ತೆಯೊಫಿಲೊಗೆ ಹೋದ ಜೀವ ಬಂದಂತಾಯಿತು. ಒಂದು ವರ್ಷ! ಮನಸ್ಸು ಮಾಡಿದರೆ ಒಂದು ತಿಂಗಳು ಸಾಕು ಎಂದು ಈಗ ಅವನಿಗೇ ಗೊತ್ತಾಗಿತ್ತು. ಆದರೆ ಸಬೀನಾ ಕೈಚಾಚಿ ಪಸ್ಕುವಾಲ್‌ನ ತಲೆಯ ಮೇಲಿನ ಬಿಳಿ ತುದಿಯ ಟೋಪಿಯನ್ನು ಕಿತ್ತು, ತೆಯೊಫಿಲೊನ ಮುಂದೆ ಹಿಡಿದಳು.

"ಇದಕ್ಕೆ ಸುರಿ."

"ಅದು ಮದುವೆ ಟೋಪಿ ಅಲ್ಲ ಕಣಮ್ಮ," ಎಂದ ಇಲಾರಿಯೊ.

"ಅವನೇ ಹೆಣೆದದ್ದು ತಾನೇ ಅಪ್ಪಾ? ಬಣ್ಣ ಆಮೇಲೆ ಬದಲಾಯಿಸ್ಕೋತಾನೆ. ಸುರಿ ತೆಯೊ."

ತೆಯೊಫಿಲೊ ಅವಳ ಮುಖ ನೋಡಿದ. ಅವಳ ಕಿವಿಯ ಹತ್ತಿರವೂ ಒಂದೆರಡು ಬಿಳಿ ಕೂದಲು ಬಂದಿದ್ದವು. ಅದನ್ನು ಅವನು ಅಂದೇ ನೋಡಿದ್ದು. ಒಂದು ಕೈಯಲ್ಲಿ ಟೋಪಿ ಹಿಡಿದು ಇನ್ನೊಂದು ಕೈಯಲ್ಲಿ ನೀರು ಸುರಿದ. ನೀರು ಒಳಗೆ ಹೋದಷ್ಟೇ ವೇಗದಲ್ಲಿ ಕೆಳಗೆ ಬಂದು, ಮುಂಗೈ ತೋಯಿಸಿ, ಅವನ ಚಪ್ಪಲಿಯ ಮೇಲೆ ಧಾರೆಯಾಗಿ ಬಿತ್ತು. ಬೆಳಗಿನ ನೀರು ಮಂಜಿನಷ್ಟು ತಣ್ಣಗಿತ್ತು. ಪಸ್ಕುವಾಲ್ ಕಣ್ಣು ಮುಚ್ಚಿಕೊಂಡ. ಹಿರಿಯರೆಲ್ಲ ಒಬ್ಬರಾದ ಮೇಲೊಬ್ಬರು ಕೆರೆಯ ಕಡೆ ನೋಡತೊಡಗಿದರು.

"ಏನಪ್ಪ," ಎಂದ ಇಲಾರಿಯೊ. ಅವನು ಕೂಡ ಕೆರೆಯನ್ನೇ ನೋಡುತ್ತಿದ್ದ. "ನನ್ನ ಕಣ್ಣು ಮಂಜು. ನೀನೇ ಹೇಳ್ಬೇಕು. ನಿಂತಿದ್ಯಾ, ಸೋರ್ತಿದ್ಯಾ?"

ಸೋರುತ್ತಿದೆ ಎಂದರೆ ಯಾರೂ ಎದುರಾಡುವಂತಿರಲಿಲ್ಲ. ಅವನ ಮಾತಿಗೆ ಅಷ್ಟು ಬೆಲೆಯಿತ್ತು. ಸೋರುತ್ತಲೂ ಇತ್ತು. ತೆಯೊಫಿಲೊನ ಕಾಲ್ಬೆರಳುಗಳು ಮರಗಟ್ಟುತ್ತಿದ್ದವು.

"ನಿಂತಿದೆ," ಎಂದ. "ಒಂದು ಹನೀನೂ ಇಲ್ಲ."

ಹಿರಿಯರು ಉಸಿರುಬಿಟ್ಟರು. ಯಾರೋ ಗಂಜಿಯ ಮುಚ್ಚಳ ತೆಗೆದರು. ಸಬೀನಾ ಒದ್ದೆ ಟೋಪಿಯನ್ನು ಅವನ ಕೈಯಿಂದ ತೆಗೆದುಕೊಂಡು ಹಿಂಡಿದಳು. ನೀರುಕೋಳಿಯ ಟೋಪಿಯನ್ನು ಮಾತ್ರ ಮಡಿಸಿ ಅವನ ಅಂಗೈಯಲ್ಲೇ ಬಿಟ್ಟಳು. ಕೆಂಪು ಟೋಪಿ, ಅದನ್ನು ಹಾಕಿಕೊಳ್ಳುವ ಹಕ್ಕು ಅವನಿಗಿರಲಿಲ್ಲ.

"ಇದೊಂದನ್ನಾದ್ರೂ ನೀನು ತಡ ಮಾಡ್ದೆ ಹೇಳ್ದೆ ನೋಡು," ಎಂದಳು, ಅವನಿಗೆ ಮಾತ್ರ ಕೇಳುವಂತೆ. ಅವಳ ಕಣ್ಣಲ್ಲಿ ನೀರಿತ್ತು. ಆಮೇಲೆ ಗಂಜಿ ಬಡಿಸಲು ಹೋದಳು.